ಹೊಲತೋಟಗಳಲ್ಲಿ ವಿದ್ಯುತ್ ಕೇಬಲನ್ನು ನೆಲದಲ್ಲಿ ಹೂಳುವ ಕ್ರಮ

ಶಿವನಸಮುದ್ರದ ವಿದ್ಯುಚ್ಛಕ್ತಿಯು 1902ನೆಯ ಇಸವಿಯಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ 1905ರಲ್ಲಿ ಬೆಂಗಳೂರು ನಗರಕ್ಕೂ ಹರಿದುಬಂದಿತು. ಕಾಲಕ್ರಮದಲ್ಲಿ ಅದು ಹಳ್ಳಿಗಳನ್ನು ಸೇರಲಾಗಿ, ಕಪಿಲೆ ಏತಗಳ ಸ್ಥಾನಕ್ಕೆ ಪಂಪುಸೆಟ್ಟುಗಳು ಬಂದವು. ಮೀಟರಿನವರೆಗಿನ ಕಂಬ ತಂತಿಗಳ ಪಾಲನೆಯು ಸರಬರಾಜು ಕಂಪನಿಯದು. ಅಲ್ಲಿಂದ ಬಾವಿಯವರೆಗಿನ ಹೊಣೆಯು ಜಮೀನುದಾರರದೇ. ಬಹುಮಂದಿ ಈ ಭಾಗವನ್ನು ಅಲಕ್ಷಿಸಿ, ಬೇಲಿಯ ಮೇಲೋ ಮರದ ಕೊಂಬೆಯ ಮೇಲೋ ತಂತಿಯನ್ನೆಳೆಯುತ್ತಾರೆ. ಇಲ್ಲವೆ ಒಂದು ಗೇಣು ಆಳದಲ್ಲಿ ಮಣ್ಣು ಮುಚ್ಚಿ ಕೆಲಸ ಮುಗಿಯಿತೆಂದು ಭಾವಿಸುತ್ತಾರೆ. ಹೀಗೆ ಹೂಳಿದ ತಂತಿಯ ಮೇಲೆ ಗುದ್ದಲಿ ಹಾಕುವವನು ಸಾಮಾನ್ಯವಾಗಿ ಯಜಮಾನನಲ್ಲ. ತಂತಿಯಿರುವ ಜಾಡೇ ತಿಳಿಯದ ಕೂಲಿಯಾಳು. ದನಗಳಿಗಂತೂ ಅಪಾಯವು ಮತ್ತೂ ಅಧಿಕ. ಎತ್ತಿನ ಮುಂಗಾಲಿಗೂ ಹಿಂಗಾಲಿಗೂ ಇರುವ ಅಂತರವು ಮನುಷ್ಯನ ಹೆಜ್ಜೆಗಿಂತ ದೊಡ್ಡದಾದುದರಿಂದ, ನೆಲಕ್ಕೆ ಸೋರಿದ ವಿದ್ಯುತ್ತು ಅದರ ದೇಹದ ಮೂಲಕ ಬಲವಾಗಿ ಹರಿಯುತ್ತದೆ.

ಭಾರತೀಯ ಮಾನಕ ಐ. ಎಸ್. 1255ರ ಪ್ರಕಾರ, 1,100 ವೋಲ್ಟಿನವರೆಗಿನ ಕೇಬಲನ್ನು ಕನಿಷ್ಠ ಪಕ್ಷ 75 ಸೆಂಟಿಮೀಟರು, ಅಂದರೆ ಸುಮಾರು ಎರಡೂವರೆ ಅಡಿ ಆಳದಲ್ಲಿ ಹೂಳತಕ್ಕದ್ದು. ರಸ್ತೆಯನ್ನು ದಾಟುವೆಡೆಯಲ್ಲಿ ಆಳವು 1 ಮೀಟರು ಇರತಕ್ಕದ್ದು. ಟ್ರಾಕ್ಟರಿನ ರೆಂಟೆಯು ಒಂದು ಅಡಿಯವರೆಗೆ ಇಳಿಯುವುದುಂಟು. ಅಡಿಮಣ್ಣನ್ನು ಸಡಿಲಿಸುವ ನೇಗಿಲು ಅದಕ್ಕಿಂತಲೂ ಕೆಳಗೆ ಹೋಗುತ್ತದೆ. ಆದರೆ ತೆಂಗಿನ ಸಸಿಗೆ ಒಂದು ಮೀಟರು ಉದ್ದ, ಅಗಲ, ಆಳದ ಗುಂಡಿ ತೋಡುವುದು ವಾಡಿಕೆಯಾಗಿರುವುದರಿಂದ, ಎರಡೂವರೆ ಅಡಿಯೊಂದೇ ರಕ್ಷೆಯೆಂದು ನಂಬಿ ಕೂರುವಂತಿಲ್ಲ. ಕೇಬಲಿನ ದಾರಿಯನ್ನು ಹೊಲದ ನಡುವೆ ಕರ್ಣರೇಖೆಯಾಗಿ ಎಳೆಯದೆ, ಬದುವಿನ ಅಂಚಿನಲ್ಲಿ ನೇರವಾಗಿ ಕೊಂಡೊಯ್ಯುವುದೇ ಲೇಸು. ಇದರಿಂದ ಹತ್ತಿಪ್ಪತ್ತು ಮೀಟರು ಕೇಬಲು ಹೆಚ್ಚಾದೀತು. ಆದರೂ ಅದು ದುಬಾರಿಯಲ್ಲ.

ಕಾಲುವೆಯ ತಳವನ್ನು ಸಮಮಾಡಿ, ಕಲ್ಲು ಬೇರುಗಳನ್ನು ಆರಿಸಿ ತೆಗೆದು, ಮೂರು ಅಂಗುಲದಷ್ಟು ಶುದ್ಧ ಮರಳನ್ನು ಹಾಸಬೇಕು. ಅದರ ಮೇಲೆ ಕೇಬಲನ್ನು ಬಿಗಿಯಾಗಿ ಜಗ್ಗದೆ, ಹಾವು ಹರಿದಂತೆ ಸ್ವಲ್ಪ ಸಡಿಲವಾಗಿ ಬಿಡಬೇಕು. ಎರೆಭೂಮಿಯಲ್ಲಿ ಈ ಸಡಿಲವು ಅತ್ಯಾವಶ್ಯಕ. ಬೇಸಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವ ಆ ಮಣ್ಣು ಬಿಗಿಯಾದ ಕೇಬಲನ್ನು ಎಳೆದು ಕೀಲುಗಳನ್ನು ಬಿಡಿಸುತ್ತದೆ. ಕೇಬಲಿನ ಮೇಲೆ ಮತ್ತೆ ಮರಳು, ಮರಳಿನ ಮೇಲೆ ಅಡ್ಡಲಾಗಿ ಇಟ್ಟಿಗೆಯ ಸಾಲು, ಬಳಿಕ ಜರಡಿಯಾಡಿದ ಮಣ್ಣು. ನೆಲದಿಂದ ಒಂದು ಅಡಿ ಕೆಳಗೆ ಎಚ್ಚರಿಕೆಯ ಬಣ್ಣದ ಪ್ಲಾಸ್ಟಿಕ್ ಪಟ್ಟಿಯನ್ನು ಹಾಸಿದರೆ, ಅಗೆಯುವವನ ಕಣ್ಣಿಗೆ ಮೊದಲು ಅದೇ ಬೀಳುವುದು. ತಿರುವುಗಳಲ್ಲಿ ಕೇಬಲನ್ನು ಥಟ್ಟನೆ ಮಡಿಸಕೂಡದು. ಬಾಗಿನ ತ್ರಿಜ್ಯವು ಕೇಬಲಿನ ದಪ್ಪದ 12 ಪಟ್ಟಿಗೆ ಕಡಮೆಯಾಗದಿರಲಿ.

ಕೊಳವೆಯ ವಿಷಯದಲ್ಲಿ ಒಂದು ತಪ್ಪು ಗ್ರಹಿಕೆಯು ಎಲ್ಲೆಡೆಯೂ ಹಬ್ಬಿದೆ. ಪಿ. ವಿ. ಸಿ. ಕೊಳವೆಯೊಳಗೆ ತೂರಿಸಿದರೆ ಮನೆಯ ಗೋಡೆಗೆ ಬಳಸುವ ಸಾಧಾರಣ ವೈರೂ ಸಾಕೆಂದು ಹಲವರು ತಿಳಿದಿದ್ದಾರೆ. ನೆಲದೊಳಗಿನ ಕೊಳವೆಯು ಎಷ್ಟು ಅಂಟು ಹಾಕಿದರೂ ಒಣಗಿರುವುದಿಲ್ಲ. ಆವಿಯು ತಣಿದೋ ಸಂದಿನಿಂದ ಸೋರಿಯೋ ನೀರು ನಿಂತೇ ನಿಲ್ಲುವುದು. ಆದುದರಿಂದ ಕೊಳವೆಯೊಳಗಿದ್ದರೂ ನೆಲದಲ್ಲಿ ಹೂಳುವುದಕ್ಕೆಂದೇ ತಯಾರಾದ, ಐ. ಎಸ್. 1554 ಅಥವಾ ಐ. ಎಸ್. 7098 ಗುರುತಿನ ಕೇಬಲನ್ನೇ ಕೊಳ್ಳಬೇಕು. ಉಕ್ಕಿನ ತಂತಿಯ ಕವಚವುಳ್ಳ ಕೇಬಲಿಗೆ ಎಲ್ಲೆಡೆಯೂ ಕೊಳವೆ ಬೇಕಾಗಿಲ್ಲ. ಗಾಡಿದಾರಿಯ ಕೆಳಗೂ, ನಾಲೆಯನ್ನು ದಾಟುವೆಡೆಯಲ್ಲಿಯೂ, ಕೇಬಲು ನೆಲದಿಂದ ಮೇಲೇಳುವೆಡೆಯಲ್ಲಿಯೂ ಗಟ್ಟಿ ಕೊಳವೆ ಇದ್ದರೆ ಸಾಕು. ಕಬ್ಬಿಣದ ಕೊಳವೆಯನ್ನು ಉಪಯೋಗಿಸಿದಲ್ಲಿ ಮೂರು ಫೇಸುಗಳನ್ನೂ ಒಂದೇ ಕೊಳವೆಯಲ್ಲಿ ಹಾಯಿಸತಕ್ಕದ್ದು. ಬೇರೆಬೇರೆ ಕೊಳವೆಗಳಲ್ಲಿ ಬಿಟ್ಟರೆ ಕಬ್ಬಿಣವು ಕಾಯುತ್ತದೆ. ಕೊಳವೆಯ ಬಾಯಿಯ ಹರಿತವನ್ನು ಅರದಿಂದ ಉಜ್ಜಿ ತೆಗೆದು, ಇಲಿ ನುಗ್ಗದಂತೆ ಭದ್ರವಾಗಿ ಮುಚ್ಚಬೇಕು. ಕೇಬಲಿನ ಕೀಲುಗಳನ್ನು ಮಣ್ಣಿನಲ್ಲಿ ಹುದುಗಿಸದೆ ನೆಲದ ಮೇಲೆ ಪೆಟ್ಟಿಗೆಯಲ್ಲಿಡುವುದು ಕ್ಷೇಮ.

ಕೇಬಲಿನ ಗಾತ್ರದಲ್ಲಿ ಮಾಡುವ ಜಿಪುಣತನವು ಮೋಟಾರಿಗೆ ಮುಳುವಾಗುತ್ತದೆ. 5 ಕುದುರೆಶಕ್ತಿಯ ಮೂರು ಫೇಸಿನ ಮೋಟಾರು 415 ವೋಲ್ಟಿನಲ್ಲಿ ಸುಮಾರು 7.5 ಆಂಪಿಯರು ಎಳೆಯುತ್ತದೆ. ಬಾವಿಯು 300 ಮೀಟರು ದೂರದಲ್ಲಿದ್ದು, 4 ಚದರ ಮಿಲಿಮೀಟರಿನ ಅಲ್ಯುಮಿನಿಯಂ ಕೇಬಲು ಹಾಕಿದರೆ ದಾರಿಯಲ್ಲಿಯೇ ಸುಮಾರು 29 ವೋಲ್ಟು ನಷ್ಟವಾಗುವುದು. 10 ಚದರ ಮಿಲಿಮೀಟರಿನದಾದರೆ ಸುಮಾರು 12 ವೋಲ್ಟು ಮಾತ್ರ. ಹಳ್ಳಿಗಳಲ್ಲಿ ವೋಲ್ಟೇಜು ಮೊದಲೇ ಇಳಿದಿರುವ ಹೊತ್ತಿನಲ್ಲಿ ಈ 29 ವೋಲ್ಟೂ ಕಳೆದರೆ ಮೋಟಾರಿನ ಸುರುಳಿಯು ಸುಡದೆ ಉಳಿಯುವುದು ಕಷ್ಟ.

ಫ್ಯೂಸು ಇದೆಯೆಂದು ಧೈರ್ಯವಾಗಿರುವವರೂ ಉಂಟು. ಫ್ಯೂಸು ಕಾಯುವುದು ತಂತಿಯನ್ನೂ ಮೋಟಾರನ್ನೂ ಹೊರತು ಮನುಷ್ಯನನ್ನಲ್ಲ. ಒಂದು ಆಂಪಿಯರಿನ ಹತ್ತನೆಯ ಒಂದು ಪಾಲು ಪ್ರಾಣ ತೆಗೆಯಲು ಸಾಕು; ಹತ್ತಿಪ್ಪತ್ತು ಆಂಪಿಯರಿಗೆ ಕರಗುವ ಫ್ಯೂಸಿಗೆ ಅದರ ಸುಳಿವೇ ಹತ್ತದು. ಸೋರಿಕೆಯನ್ನು ಗ್ರಹಿಸಿ ಕ್ಷಣದೊಳಗೆ ವಿದ್ಯುತ್ತನ್ನು ಕಡಿಯುವ ಸ್ವಿಚ್ಚನ್ನು ಮೀಟರಿನ ಬಳಿಯಲ್ಲಿಯೇ ಅಳವಡಿಸತಕ್ಕದ್ದು. ಕೇಬಲಿನ ಕವಚವನ್ನೂ ಮೋಟಾರಿನ ಮೈಯನ್ನೂ ಭೂಸಂಪರ್ಕದ ತಂತಿಗೆ ಸೇರಿಸಿ, ಆ ತಂತಿಯನ್ನು ಎರಡೂವರೆ ಮೀಟರಿಗೆ ಕಡಮೆಯಿಲ್ಲದ ಸತುವಿನ ಲೇಪದ ಕಬ್ಬಿಣದ ಕೊಳವೆಗೆ ಕೂಡಿಸಬೇಕು. ಬೇಸಗೆಯಲ್ಲಿ ಆ ಗುಂಡಿಗೆ ನೀರು ಹಾಕುತ್ತಿರಬೇಕು. ಬಾವಿಯ ನೀರಿನ ಕೊಳವೆಯನ್ನೇ ಭೂಸಂಪರ್ಕವೆಂದು ಎಣಿಸುವ ಹಳೆಯ ರೂಢಿಯು, ಕೊಳವೆಗಳೆಲ್ಲ ಪ್ಲಾಸ್ಟಿಕ್ಕಿನವಾದ ಮೇಲೆ ಬರಿಯ ಭ್ರಮೆ. ತಂತಿ ಉಳಿಸುವುದಕ್ಕಾಗಿ ನ್ಯೂಟ್ರಲಿನ ಬದಲು ಭೂಮಿಯನ್ನೇ ಬಳಸುವುದು ಅಪರಾಧಕ್ಕೆ ಸಮಾನವಾದ ಕಾರ್ಯ.

ಈ ಕೆಲಸವನ್ನು ವಿದ್ಯುತ್ ಪರಿವೀಕ್ಷಣಾಲಯದಿಂದ ಲೈಸೆನ್ಸು ಪಡೆದ ಕಂಟ್ರಾಕ್ಟರರಿಂದಲೇ ಮಾಡಿಸತಕ್ಕದ್ದೆಂದು ನಿಯಮವಿದೆ. ಕಾಲುವೆಯನ್ನು ಮುಚ್ಚುವುದಕ್ಕೆ ಮೊದಲೇ ಯಜಮಾನರು ಎದುರಿಗೆ ನಿಂತು, ಮೆಗ್ಗರ್ ಯಂತ್ರದಿಂದ ನಿರೋಧವನ್ನು ಅಳೆಯಿಸಬೇಕು. ಒಂದು ಮೆಗೋಮಿಗಿಂತ ಕಡಮೆ ತೋರಿದಲ್ಲಿ ಮಣ್ಣು ಮುಚ್ಚಗೊಡಬಾರದು. ಗ್ರಾಮದ ರಸ್ತೆಯನ್ನು ಅಗೆಯಬೇಕಾದಲ್ಲಿ ಪಂಚಾಯತಿಯ ಅನುಮತಿಯು ಅಗತ್ಯ. ಅನುಮತಿ ಕೊಡುವಾಗ ಗ್ರಾಮಪ್ರಮುಖರು ಕೇಬಲಿನ ನಕ್ಷೆಯೊಂದನ್ನು ಕೇಳಿ ಪಡೆದು ಕಡತದಲ್ಲಿರಿಸಿದರೆ, ಮುಂದೆ ನೀರಿನ ಕೊಳವೆಗೆ ಅಗೆಯುವವರಿಗೆ ಅದು ಬಹು ಪ್ರಯೋಜನಕರ. ನಕ್ಷೆಯಲ್ಲಿ ಬಾವಿಯ ಕಟ್ಟೆ, ಗಡಿಕಲ್ಲುಗಳಂಥ ಕದಲದ ಗುರುತುಗಳಿಂದ ದೂರವನ್ನು ಅಳೆದು ಬರೆಯಬೇಕು; ಮರ ಬೇಲಿಗಳಿಂದ ಅಳೆದ ದೂರವು ಹತ್ತು ವರ್ಷಕ್ಕೆ ನಿಲ್ಲದು. ಪ್ರತಿಯೊಂದು ತಿರುವಿನಲ್ಲಿಯೂ, ನೇರದಾರಿಯಲ್ಲಿ 30 ಮೀಟರಿಗೊಂದರಂತೆಯೂ ಗುರುತಿನ ಕಲ್ಲನ್ನು ನೆಟ್ಟು, ಹೊಲವನ್ನು ಗುತ್ತಿಗೆಗೆ ಕೊಡುವಾಗ ಅವುಗಳನ್ನು ಗುತ್ತಿಗೆದಾರನಿಗೂ ಅವನ ಆಳುಗಳಿಗೂ ನಡೆದು ತೋರಿಸತಕ್ಕದ್ದು.