ಹಾಡಿನ ಪ್ರತಿ, ಪ್ರತಿಯ ಪ್ರತಿ

ಮೆಚ್ಚಿದ ಹಾಡನ್ನು ತಾನೊಬ್ಬನೇ ಕೇಳಿ ಸುಮ್ಮನಿರುವುದು ರಸಿಕನಿಗೆ ಸಾಧ್ಯವಿಲ್ಲ. ಗೆಳೆಯನಿಗೂ ಕೇಳಿಸಿದ ಹೊರತು ಅವನಿಗೆ ತೃಪ್ತಿಯಾಗದು. ಕವಿ ಕೆ. ಎಸ್. ನಿಸಾರ್ ಅಹಮದರ ಗೀತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಸಂಯೋಜಿಸಿದ ‘ನಿತ್ಯೋತ್ಸವ’ ಧ್ವನಿಸುರುಳಿಯು 1978ರಲ್ಲಿ ಹೊರಬಂದಿತು. ಕ್ಯಾಸೆಟ್ಟಿನ ಆ ಕಾಲದಲ್ಲಿ ದಾವಣಗೆರೆಯ ವಿದ್ಯಾರ್ಥಿಯೊಬ್ಬನು ಅದನ್ನು ಕೊಂಡನೆಂದೂ, ಸುಮಾರು 14 ಕಿಲೋಮೀಟರ್ ದೂರದ ಹರಿಹರದ ಗೆಳೆಯನು ಅದರಿಂದ ಒಂದು ಪ್ರತಿ ಮಾಡಿಕೊಂಡನೆಂದೂ, ಆ ಪ್ರತಿಯಿಂದ ಮೂರನೆಯವನು ಇನ್ನೊಂದು ಪ್ರತಿ ತೆಗೆದನೆಂದೂ ಭಾವಿಸೋಣ. ಹೀಗೆ ಹತ್ತನೆಯವನ ಕೈಸೇರುವ ಹೊತ್ತಿಗೆ ಹಾಡು ಮೊದಲಿನಂತೆಯೇ ಉಳಿದೀತೇ?

ಇದನ್ನು ತಿಳಿಯಲು ಕ್ಯಾಸೆಟ್ಟಿನ ಒಳಗನ್ನು ನೋಡಬೇಕು. ಫಿಲಿಪ್ಸ್ ಸಂಸ್ಥೆಯು ಇದನ್ನು 1963ರಲ್ಲಿ ಲೋಕಕ್ಕೆ ಪರಿಚಯಿಸಿತು. ನಾಲ್ಕು ಮಿಲಿಮೀಟರಿಗಿಂತಲೂ ಕಿರಿದಾದ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕಬ್ಬಿಣದ ಆಕ್ಸೈಡಿನ ಅತಿ ಸೂಕ್ಷ್ಮ ಕಣಗಳ ಲೇಪವಿರುತ್ತದೆ. ಪಟ್ಟಿಯು ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಸರಿಯುತ್ತದೆ. ಅರ್ಧ ಗಂಟೆಯ ಹಾಡಿಗೆ ಸುಮಾರು 86 ಮೀಟರ್ ಪಟ್ಟಿ ಬೇಕು. ಗಾಯಕನ ದನಿಯು ಮೈಕಿನಲ್ಲಿ ವಿದ್ಯುತ್ತಿನ ಏರಿಳಿತವಾಗಿ ಮಾರ್ಪಡುತ್ತದೆ. ಆ ವಿದ್ಯುತ್ತು ಹೆಡ್ ಎಂಬ ಪುಟ್ಟ ವಿದ್ಯುತ್ಕಾಂತದಲ್ಲಿ ಹರಿದಾಗ, ಅದರೆದುರು ಸರಿಯುವ ಕಣಗಳು ದನಿಯ ಏರಿಳಿತಕ್ಕೆ ತಕ್ಕಂತೆ ಕಾಂತತ್ವವನ್ನು ಪಡೆಯುತ್ತವೆ. ಕೇಳುವಾಗ ನಡೆಯುವುದು ಇದರ ವಿಲೋಮ ಕ್ರಿಯೆ.

ಆದರೆ ಕಣಗಳ ಹರವು ಎಲ್ಲೆಡೆಯೂ ಒಂದೇ ಸಮನಾಗಿರುವುದಿಲ್ಲ. ಈ ಅಸಮತೆಯೇ ಹಾಡಿನ ಹಿಂದೆ ‘ಸುಯ್’ ಎಂಬ ಸದ್ದಾಗಿ ಕೇಳಿಸುತ್ತದೆ. ಪ್ರತಿ ಮಾಡುವ ಯಂತ್ರಕ್ಕೆ ಹಾಡು ಯಾವುದು, ಗದ್ದಲ ಯಾವುದು ಎಂಬ ವಿವೇಕವಿಲ್ಲ. ಅದು ಹಳೆಯ ಗದ್ದಲವನ್ನೂ ನಿಷ್ಠೆಯಿಂದ ನಕಲುಮಾಡುತ್ತದೆ. ಹೊಸ ಪಟ್ಟಿಯು ತನ್ನ ಪಾಲಿನ ಗದ್ದಲವನ್ನು ಅದಕ್ಕೆ ಸೇರಿಸುತ್ತದೆ. ಓಲೆಗರಿಯ ಲಿಪಿಕಾರನು ಹಿಂದಿನವನ ತಪ್ಪುಗಳನ್ನು ಉಳಿಸಿಕೊಂಡು ತನ್ನದನ್ನೂ ಕೂಡಿಸುತ್ತಿದ್ದಂತೆಯೇ ಇದು. ಪ್ರತಿಯೊಂದು ಸುರುಳಿಯೂ ಸಮನಾದ ಗದ್ದಲವನ್ನು ಸೇರಿಸುವುದೆಂದು ಇಟ್ಟುಕೊಂಡರೆ, ಹತ್ತನೆಯ ಸುರುಳಿಯಲ್ಲಿ ಗದ್ದಲದ ಶಕ್ತಿಯು ಮೂಲಕ್ಕಿಂತ ಹತ್ತು ಪಟ್ಟು, ಎಂದರೆ 10 ಡೆಸಿಬೆಲ್ ಹೆಚ್ಚಿರುತ್ತದೆ. ಮೆಲುದನಿಯ ಆಲಾಪಗಳು ಮೊದಲು ಅದರಲ್ಲಿ ಮುಳುಗಿಹೋಗುತ್ತವೆ.

ಅಂಕೀಯ ಮುದ್ರಣವು ಈ ತೊಡಕನ್ನು ಬಿಡಿಸಿತು. ಸಿ.ಡಿ.ಯಲ್ಲಿ ದನಿಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನೂ 65,536 ಮಟ್ಟಗಳಲ್ಲಿ ಒಂದಕ್ಕೆ ಹೊಂದಿಸಿ ಸಂಖ್ಯೆಯಾಗಿ ಬರೆದಿಡುತ್ತಾರೆ. ಆ ಸಂಖ್ಯೆಗಳಲ್ಲಿರುವುದು ಸೊನ್ನೆ ಮತ್ತು ಒಂದು ಮಾತ್ರ. ಒಂದು ಎಂಬ ಗುರುತು ತುಸು ಮಾಸಿದ್ದರೂ ಯಂತ್ರವು ಅದನ್ನು ಒಂದೆಂದೇ ಓದಿ, ಹೊಸದಾಗಿ ಸ್ಪಷ್ಟವಾಗಿ ಬರೆಯುತ್ತದೆ. ಆದುದರಿಂದ ಸಾವಿರನೆಯ ಪ್ರತಿಯೂ ಮೊದಲನೆಯದಕ್ಕೆ ಸಮನಾಗಿರಬಲ್ಲುದು. ಕಡತವನ್ನು ಚಿಕ್ಕದು ಮಾಡಲೆಂದು ಮತ್ತೆ ಮತ್ತೆ ಹಿಂಡಿದರೆ ಮಾತ್ರ ಇಲ್ಲಿಯೂ ಸವಕಳಿ ತಪ್ಪದು.

ಹಾಡಿಗೆ ಇನ್ನೊಂದು ಬಗೆಯ ಸವಕಳಿಯೂ ಉಂಟು. ಅದಕ್ಕೆ ಯಂತ್ರದಲ್ಲಿ ಮದ್ದಿಲ್ಲ. ಕ್ಯಾಸೆಟ್ಟಿನ ಡಬ್ಬಿಯಲ್ಲಿ ಕವಿ, ಸಂಯೋಜಕ, ಗಾಯಕರ ಹೆಸರುಗಳ ಚೀಟಿಯಿರುತ್ತಿತ್ತು. ಬರಿಯ ಪಟ್ಟಿಯಿಂದ ಪಟ್ಟಿಗೆ ನಕಲಾದಾಗ ಆ ಚೀಟಿ ಹಿಂದೆಯೇ ಉಳಿಯಿತು. ಇಂದು ಫೋನಿನಿಂದ ಫೋನಿಗೆ ಒಂಟಿಯಾಗಿ ಹಾರಿಬರುವ ಹಾಡು ಸ್ವರದಲ್ಲಿ ನಿರ್ಮಲವಾಗಿರಬಹುದು, ಹೆಸರಿನಲ್ಲಿ ಅನಾಥವಾಗಿರಬಹುದು.

ಈ ನಷ್ಟವನ್ನು ತಡೆಯುವವನು ಹಾಡಿನ ಕುರಿತು ಬರೆಯುವ ರಸಿಕನೇ. ನಿಸಾರ್ ಅಹಮದರು ಭೂವಿಜ್ಞಾನದ ಅಧ್ಯಾಪಕರಾಗಿದ್ದರೆಂದು ಅವನು ಬರೆದರೆ, ನೆಲವನ್ನು ಕುರಿತ ಅವರ ಮಾತಿಗೆ ನಾವು ಬೇರೆಯೇ ಕಿವಿಗೊಡುತ್ತೇವೆ. ‘ನಿತ್ಯೋತ್ಸವ’ ಗೀತೆಯು ನೆನೆಯುವ ತುಂಗೆಯು ಕೂಡಲಿಯಲ್ಲಿ ಭದ್ರೆಯನ್ನು ಸೇರಿ ತುಂಗಭದ್ರೆಯಾಗಿ ಹರಿಹರದ ಮಗ್ಗುಲಲ್ಲೇ ಹರಿಯುವಳೆಂದು ಸೇರಿಸಿದರೆ, ಅಲ್ಲಿಯ ವಿದ್ಯಾರ್ಥಿಗೆ ಆ ಹಾಡು ಮನೆಯಂಗಳದ ಹಾಡಾಗುತ್ತದೆ. ಇಂಥ ಸಂಗತಿಗಳನ್ನು ಯಾವ ಕಾಂತಕಣವೂ ಹಿಡಿದಿಡಲಾರದು. ಆದುದರಿಂದ ಮುಂದಿನ ಸಲ ಗೆಳೆಯನಿಗೆ ಹಾಡೊಂದನ್ನು ಕಳುಹಿಸುವಾಗ, ಅದರ ಕವಿ ಯಾರು, ರಾಗ ಹಾಕಿದವರು ಯಾರು, ನಮಗೆ ಅದು ಏಕೆ ಮೆಚ್ಚಿಗೆಯಾಯಿತು ಎಂದು ನಾಲ್ಕು ಸಾಲು ಬರೆದು ಜೊತೆಗೆ ಕಳುಹಿಸೋಣ.