ಉತ್ತೀರ್ಣರಾದರೆ ಸಾಲದು, ಸಿದ್ಧರಾಗಬೇಕು

ಮೇ ತಿಂಗಳು ಬಂತೆಂದರೆ ನಮ್ಮ ಸೀಮೆಯ ಮನೆಮನೆಯಲ್ಲೂ ಒಂದೇ ಮಾತು: ಎಸ್.ಎಸ್.ಎಲ್.ಸಿ. ಫಲಿತಾಂಶ. ಮಗ ಪಾಸಾದನೇ, ಮಗಳಿಗೆ ಎಷ್ಟು ಅಂಕ ಬಂದವು ಎಂಬ ವಿಚಾರಣೆ ಬೀಗರ ಮನೆಯಿಂದ ಹಿಡಿದು ಸಂತೆಯ ಅಂಗಡಿಯವರೆಗೂ ನಡೆಯುತ್ತದೆ. ಪಾಸಾದವರ ಮನೆಯಲ್ಲಿ ಪೇಢೆ ಹಂಚುತ್ತಾರೆ. ಕೊಟ್ಟೂರೇಶ್ವರನ ಸನ್ನಿಧಿಗೆ ಹೋಗಿ ಹಣ್ಣು-ಕಾಯಿ ಮಾಡಿಸಿಕೊಂಡು ಬರುತ್ತಾರೆ. ಜೂನ್ ತಿಂಗಳಲ್ಲಿ ಮಗುವನ್ನು ಕಾಲೇಜಿಗೆ ಸೇರಿಸಿದರೆ ತಂದೆತಾಯಿಗಳ ಎದೆಯ ಭಾರ ಇಳಿಯುತ್ತದೆ. ಇದೆಲ್ಲವೂ ಸಹಜವೇ, ಸಂತೋಷದ ಸಂಗತಿಯೇ.

ಆದರೆ ದಸರಾ ರಜೆ ಬರುವಷ್ಟರಲ್ಲಿ ಅದೇ ಮಗು ಮಂಕಾಗಿ ಮನೆಯ ಮೂಲೆ ಹಿಡಿದಿರುವುದನ್ನು ಕಂಡವರು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ಕಡಿಮೆಯೇನಿಲ್ಲ. ಕೇಳಿದರೆ "ಪಾಠ ತಿಳಿಯುತ್ತಿಲ್ಲ" ಎಂಬ ಒಂದೇ ಉತ್ತರ. ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ಪಡೆದ ಮಗುವಿಗೆ ಹನ್ನೊಂದನೆಯ ತರಗತಿಯ ಪಾಠ ಏಕೆ ತಿಳಿಯದು? ಈ ಪ್ರಶ್ನೆಯನ್ನು ನಾವು ಸಮಾಧಾನದಿಂದ, ಯಾರನ್ನೂ ದೂಷಿಸದೆ, ವಿಚಾರ ಮಾಡಬೇಕಾಗಿದೆ. ಪರೀಕ್ಷೆಯಲ್ಲಿ ಉತ್ತೀರ್ಣರಾಗುವುದು ಬೇರೆ. ಮುಂದಿನ ಓದಿಗೆ ಸಿದ್ಧರಾಗುವುದು ಬೇರೆ. ಎರಡೂ ಒಂದೇ ಎಂದು ತಿಳಿದಲ್ಲಿಯೇ ತೊಡಕು ಆರಂಭವಾಗುತ್ತದೆ.

ಅಂಕಿ-ಅಂಶಗಳು ಹೇಳುವುದೇನು?

ಕಳೆದ ಕೆಲವು ವರ್ಷಗಳ ಎಸ್.ಎಸ್.ಎಲ್.ಸಿ. ಫಲಿತಾಂಶವನ್ನೇ ನೋಡೋಣ. 2023ರಲ್ಲಿ ರಾಜ್ಯದ ಫಲಿತಾಂಶ ಶೇಕಡಾ 83.89 ಇದ್ದಿತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಅಳವಡಿಸಿ, ನಕಲು ತಡೆಯಲು ವೆಬ್‌ಕಾಸ್ಟಿಂಗ್ ವ್ಯವಸ್ಥೆ ಮಾಡಲಾಯಿತು. ಫಲಿತಾಂಶ ಕುಸಿಯಿತು. ಆಗ ಸರಕಾರವು ಕೃಪಾಂಕಕ್ಕೆ ಬೇಕಾದ ಅರ್ಹತೆಯನ್ನು ಶೇಕಡಾ 35ರಿಂದ 25ಕ್ಕೆ ಇಳಿಸಿ, ಕೃಪಾಂಕದ ಪ್ರಮಾಣವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿತು. ಹಾಗೆ ಮಾಡಿದ ಮೇಲೂ ಬಂದದ್ದು ಶೇಕಡಾ 73.40 ಮಾತ್ರ, ಕೃಪಾಂಕವಿಲ್ಲದಿದ್ದರೆ ಅದು ಶೇಕಡಾ 53ರ ಆಸುಪಾಸಿನಲ್ಲಿ ನಿಲ್ಲುತ್ತಿತ್ತು. 2025ರಲ್ಲಿ ಆ ಹೆಚ್ಚುವರಿ ಕೃಪಾಂಕವನ್ನು ಕೈಬಿಟ್ಟಾಗ ಮೊದಲ ಪರೀಕ್ಷೆಯ ಫಲಿತಾಂಶ ಶೇಕಡಾ 62.34 ಆಯಿತು. ದಕ್ಷಿಣ ಕನ್ನಡ ಜಿಲ್ಲೆ ಶೇಕಡಾ 91.12 ಪಡೆದು ಮೊದಲ ಸ್ಥಾನದಲ್ಲಿ ನಿಂತರೆ, ನಮ್ಮದೇ ಕಲ್ಯಾಣ ಕರ್ನಾಟಕದ ಕಲಬುರಗಿ ಶೇಕಡಾ 42.43ರೊಡನೆ ಕೊನೆಗೆ ನಿಂತಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಉತ್ತೀರ್ಣತೆಯ ಮಟ್ಟವನ್ನು ಶೇಕಡಾ 35ರಿಂದ 33ಕ್ಕೆ ಇಳಿಸುವುದಾಗಿ ಸರಕಾರ ಪ್ರಕಟಿಸಿತು.

ಮಕ್ಕಳು ಒಂದೇ ವರ್ಷದಲ್ಲಿ ದಡ್ಡರಾಗಲಿಲ್ಲ, ಮರುವರ್ಷ ಜಾಣರಾಗಲೂ ಇಲ್ಲ. ಅಳೆಯುವ ಕೋಲು ಹಿಗ್ಗಿ ಕುಗ್ಗಿತು, ಅಷ್ಟೆ. ಉತ್ತೀರ್ಣತೆಯ ಗೆರೆಯನ್ನು ಸರಕಾರ ಬೇಕಾದಂತೆ ಏರಿಸಬಹುದು, ಇಳಿಸಬಹುದು. ಕಾಲೇಜಿನ ಪಾಠಪುಸ್ತಕ ಮಾತ್ರ ತನ್ನ ಮಟ್ಟದಿಂದ ಕೆಳಗಿಳಿಯುವುದಿಲ್ಲ.

ಇದು ನಮ್ಮ ಸೀಮೆಗೆ ಮಾತ್ರ ಸೀಮಿತವಾದ ಕೊರತೆಯೂ ಅಲ್ಲ. 'ಪ್ರಥಮ್' ಸಂಸ್ಥೆಯು 2023ರಲ್ಲಿ ದೇಶದ 28 ಜಿಲ್ಲೆಗಳ ಹಳ್ಳಿಗಳಲ್ಲಿ 14ರಿಂದ 18 ವಯಸ್ಸಿನವರನ್ನು ಕುರಿತು ನಡೆಸಿದ 'ಅಸರ್' ಸಮೀಕ್ಷೆಯಲ್ಲಿ, ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ಶೇಕಡಾ 43.3 ಮಾತ್ರ ಕಂಡುಬಂದರು. ಎರಡನೆಯ ತರಗತಿಯ ಪಾಠವನ್ನು ತಮ್ಮ ಭಾಷೆಯಲ್ಲಿಯೇ ತಡವರಿಸದೆ ಓದಲಾರದವರು ನಾಲ್ವರಲ್ಲಿ ಒಬ್ಬರಷ್ಟಿದ್ದರು. ಇವರಲ್ಲಿ ಬಹುಪಾಲು ಮಕ್ಕಳು ಶಾಲೆ-ಕಾಲೇಜುಗಳಲ್ಲಿ ಹೆಸರು ದಾಖಲಿಸಿಕೊಂಡವರೇ ಎಂಬುದನ್ನು ಮರೆಯಬಾರದು.

ಕಲಿಯದೆಯೂ ಪಾಸಾಗುವ ಬಗೆ

ಹಾಗಾದರೆ ಕಲಿಯದೆ ಪಾಸಾಗುವುದು ಹೇಗೆ? ಪ್ರೌಢಶಾಲೆಗಳಲ್ಲಿ 'ಪಾಸಿಂಗ್ ಪ್ಯಾಕೇಜ್' ಎಂಬ ಮಾತು ಇಂದು ಎಲ್ಲರ ಬಾಯಲ್ಲೂ ಇದೆ. ಹಿಂದುಳಿದ ಮಕ್ಕಳಿಗೆ ಪ್ರತಿವರ್ಷ ಬರುವ ಪ್ರಶ್ನೆಗಳನ್ನೂ, ಅಂಕ ತರುವ ಚಿತ್ರ, ನಕ್ಷೆ, ಪ್ರಮೇಯಗಳನ್ನೂ ಆಯ್ದು ಮತ್ತೆ ಮತ್ತೆ ಬರೆಯಿಸುವ ಕ್ರಮವಿದು. ಮುಳುಗುವವನಿಗೆ ಹುಲ್ಲುಕಡ್ಡಿಯಂತೆ ಇದರಿಂದ ಉಪಕಾರವಾಗುವುದು ನಿಜ. ಶಿಕ್ಷಕರು ಇದಕ್ಕಾಗಿ ಬೆಳಗ್ಗೆ-ಸಂಜೆ ದುಡಿಯುತ್ತಾರೆಂಬುದೂ ನಿಜ. ಆದರೆ ರಚನೆ, ನಕ್ಷೆ, ಸರಾಸರಿಗಳ ಲೆಕ್ಕವನ್ನು ಬಾಯಿಪಾಠ ಮಾಡಿ ಗಣಿತದಲ್ಲಿ ದಡ ಸೇರಿದ ಹುಡುಗ, ಪಿ.ಯು.ಸಿ. ವಿಜ್ಞಾನ ವಿಭಾಗಕ್ಕೆ ಸೇರಿದೊಡನೆ ಗಣಗಳು, ಸಂಬಂಧ ಮತ್ತು ಉತ್ಪನ್ನಗಳು, ತ್ರಿಕೋನಮಿತಿ ಎಂಬ ಅಧ್ಯಾಯಗಳನ್ನು ಎದುರಿಸುತ್ತಾನೆ. ಪ್ಯಾಕೇಜಿನಲ್ಲಿ ಬಿಟ್ಟುಹೋದ ಬೀಜಗಣಿತವೇ ಇಲ್ಲಿ ಅಡಿಪಾಯ. ಭೌತಶಾಸ್ತ್ರದ ಚಲನೆಯ ಪಾಠಕ್ಕೆ ಅನುಪಾತವೂ ನಕ್ಷೆ ಓದುವ ತಿಳಿವಳಿಕೆಯೂ ಬೇಕು. ಅಡಿಪಾಯವಿಲ್ಲದ ಮೇಲೆ ಗೋಡೆ ಎಷ್ಟು ದಿನ ನಿಂತೀತು?

ಇದರ ಜೊತೆಗೆ ಭಾಷೆಯ ತೊಡಕು. ಹತ್ತು ವರ್ಷ ಕನ್ನಡದಲ್ಲಿ ಓದಿದ ಮಗುವಿಗೆ ವಿಜ್ಞಾನದ ಪಾಠಗಳು ಒಮ್ಮೆಲೇ ಇಂಗ್ಲಿಷಿಗೆ ತಿರುಗುತ್ತವೆ. 'ವೇಗೋತ್ಕರ್ಷ' ಎಂದು ಚೆನ್ನಾಗಿಯೇ ತಿಳಿದಿದ್ದುದು 'ಆ್ಯಕ್ಸಲರೇಷನ್' ಎಂದಾಗ ಅಪರಿಚಿತವಾಗುತ್ತದೆ. 'ದ್ಯುತಿಸಂಶ್ಲೇಷಣೆ'ಯು 'ಫೋಟೋಸಿಂಥೆಸಿಸ್' ಆಗಿ ಬಂದಾಗ ತಬ್ಬಿಬ್ಬಾಗುತ್ತದೆ. 2012-13ರಿಂದ ಪಿ.ಯು.ಸಿ. ವಿಜ್ಞಾನಕ್ಕೆ ಎನ್.ಸಿ.ಇ.ಆರ್.ಟಿ. ಪಠ್ಯಕ್ರಮ ಬಂದ ಮೇಲೆ ಪಾಠದ ಭಾರವೂ ಹೆಚ್ಚಿದೆ. ವಿಷಯ ತಿಳಿಯದೆ ಸೋಲುವವರು ಕೆಲವರಾದರೆ, ವಿಷಯ ತಿಳಿದೂ ಶಬ್ದ ತಿಳಿಯದೆ ಸೋಲುವವರು ಇನ್ನು ಹಲವರು.

ನಮ್ಮ ಸೀಮೆಗೆ ಮೂರನೆಯದೊಂದು ತೊಡಕೂ ಉಂಟು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರ ವರದಿಯಲ್ಲಿ ರಾಜ್ಯದ 39 ತಾಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಕೂಡ್ಲಿಗಿ, ಹರಪನಹಳ್ಳಿಗಳು ಆ ಪಟ್ಟಿಯಲ್ಲಿದ್ದವು. ಮಳೆ ಕೈಕೊಟ್ಟ ವರ್ಷ, ಸುಗ್ಗಿ ಮುಗಿದೊಡನೆ ಕಾಫಿಯ ತೋಟಗಳಿಗೋ ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಗುಳೆ ಹೊರಡುವ ಕುಟುಂಬಗಳು ಇಲ್ಲಿ ಇಂದಿಗೂ ಇವೆ. ಪರೀಕ್ಷೆ ಬರುವುದು ಮಾರ್ಚಿನಲ್ಲಿ. ತಂದೆತಾಯಿ ಮನೆಯಲ್ಲಿ ಇಲ್ಲದಿರುವುದೂ ಅದೇ ತಿಂಗಳುಗಳಲ್ಲಿ. ಅಜ್ಜಿಯ ಬಳಿ ಉಳಿದ ಮಗುವಿನ ಓದನ್ನು ವಿಚಾರಿಸುವವರು ಯಾರು?

ಕೊಟ್ಟೂರು ತೋರಿದ ಬೆಳಕು

ಇಷ್ಟೆಲ್ಲ ಹೇಳಿದ ಮೇಲೆ, ನಮ್ಮ ಮಕ್ಕಳಿಗೆ ಬುದ್ಧಿಯ ಕೊರತೆಯೇ ಎಂದು ಯಾರಾದರೂ ಕೇಳಿದರೆ ಕೊಟ್ಟೂರಿನ ಕಡೆ ಕೈದೋರಬೇಕು. ಕೊಟ್ಟೂರಿನ ಇಂದು ಪದವಿಪೂರ್ವ ಕಾಲೇಜಿನ ವಿದ್ಯಾರ್ಥಿಗಳು 2018, 2019, 2022ರಲ್ಲಿ ದ್ವಿತೀಯ ಪಿ.ಯು.ಸಿ. ಕಲಾ ವಿಭಾಗದಲ್ಲಿ ರಾಜ್ಯಕ್ಕೇ ಪ್ರಥಮರಾದರು. 2025ರಲ್ಲಿ ಅದೇ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು 600ಕ್ಕೆ 597 ಅಂಕ ಪಡೆದು ಮತ್ತೆ ಆ ಕೀರ್ತಿಯನ್ನು ಈ ಊರಿಗೆ ತಂದಳು. ಹೀಗೆ ಹೆಸರು ತಂದವರಲ್ಲಿ ದುಡಿದು ಉಣ್ಣುವ ಮನೆಗಳ ಮಕ್ಕಳೂ ಇದ್ದರು. ನೆಲ ಬರಡಾಗಿದ್ದರೂ ಬುದ್ಧಿ ಬರಡಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಆದರೆ ಅದೇ 2025ರ ಇನ್ನೊಂದು ಲೆಕ್ಕವನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಆ ವರ್ಷ ದ್ವಿತೀಯ ಪಿ.ಯು.ಸಿ.ಯಲ್ಲಿ ವಿಜ್ಞಾನದ ಫಲಿತಾಂಶ ಶೇಕಡಾ 82.45, ವಾಣಿಜ್ಯದ್ದು ಶೇಕಡಾ 76.07, ಕಲಾ ವಿಭಾಗದ್ದು ಶೇಕಡಾ 53.29. ಸುಲಭವೆಂದು ಎಲ್ಲರೂ ತಿಳಿದಿರುವ ವಿಭಾಗದಲ್ಲಿಯೇ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳು ಎಡವಿದರು. ಇತಿಹಾಸವಾಗಲಿ ರಾಜ್ಯಶಾಸ್ತ್ರವಾಗಲಿ ಹತ್ತಾರು ಪುಟ ಓದಿ, ಅರ್ಥ ಮಾಡಿಕೊಂಡು, ಸ್ವಂತ ಮಾತಿನಲ್ಲಿ ಒಂದೆರಡು ಪುಟ ಬರೆಯುವುದನ್ನು ಬೇಡುತ್ತದೆ. ಓದಿ ಬರೆಯುವ ಅಭ್ಯಾಸವಿಲ್ಲದವನಿಗೆ ಕಲೆಯೂ ಕಷ್ಟವೇ. ಆದ್ದರಿಂದ "ವಿಜ್ಞಾನ ಆಗದಿದ್ದರೆ ಆರ್ಟ್ಸ್ ಇದ್ದೇ ಇದೆ" ಎಂಬ ಮಾತು ಸರಿಯಲ್ಲ. "ನಾಲ್ಕು ಜನ ಏನೆಂದಾರು" ಎಂದು ಒಲ್ಲದ ಮಗುವನ್ನು ವಿಜ್ಞಾನಕ್ಕೆ ದೂಡುವುದೂ ಸರಿಯಲ್ಲ.

ತೆರೆದ ಬಾಗಿಲು

ಸಂವಿಧಾನಕ್ಕೆ 98ನೆಯ ತಿದ್ದುಪಡಿಯಿಂದ ಸೇರಿದ 371 (ಜೆ) ವಿಧಿಯ ಫಲವಾಗಿ, ಈ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 70, ರಾಜ್ಯದ ಉಳಿದೆಡೆ ಶೇಕಡಾ 8ರಷ್ಟು ಸೀಟುಗಳು ನಮ್ಮ ಮಕ್ಕಳಿಗೆ ಮೀಸಲಾಗಿವೆ. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದ್ದ ಹರಪನಹಳ್ಳಿಯೂ ಹೋರಾಟದ ನಂತರ ಬಳ್ಳಾರಿಗೆ ಮರಳಿ ಈ ಸೌಲಭ್ಯಕ್ಕೆ ಪಾತ್ರವಾಯಿತು; 2021ರಲ್ಲಿ ಈ ತಾಲೂಕುಗಳೆಲ್ಲ ಹೊಸ ವಿಜಯನಗರ ಜಿಲ್ಲೆಗೆ ಸೇರಿದವು. ಬಾಗಿಲು ತೆರೆದಿದೆ. ಆದರೆ ಮೀಸಲಾತಿ ಸೀಟು ಕೊಡಿಸಬಲ್ಲದೇ ಹೊರತು ಪಾಠ ತಿಳಿಸಲಾರದು. ಇಂಜಿನಿಯರಿಂಗ್ ಸೇರಿ ಮೊದಲ ವರ್ಷವೇ ಬಾಕಿ ವಿಷಯಗಳ ಹೊರೆ ಹೊತ್ತು ಹಿಂದಿರುಗುವ ಮಗುವಿನ ದುಃಖವನ್ನು ಯಾವ ವಿಧಿಯೂ ನಿವಾರಿಸದು.

ಹಿರಿಯರು ಈ ನಾಡಿನಲ್ಲಿ ವಿದ್ಯೆಗಾಗಿ ಪಟ್ಟ ಶ್ರಮ ಸಣ್ಣದಲ್ಲ. ಬಳ್ಳಾರಿಯು ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1916ರಲ್ಲಿ, ವೀರಶೈವ ವಿದ್ಯಾವರ್ಧಕ ಸಂಘವನ್ನು ಕಟ್ಟಿದರು. 1945ರಲ್ಲಿ ವೀರಶೈವ ಕಾಲೇಜನ್ನು ತೆರೆದರು. ಮಠಗಳು ಪ್ರಸಾದನಿಲಯಗಳನ್ನು ನಡೆಸಿ, ಹಸಿದ ಹೊಟ್ಟೆಗೆ ಅನ್ನವನ್ನೂ ಓದುವ ಮಕ್ಕಳಿಗೆ ದೀಪವನ್ನೂ ಕೊಟ್ಟವು. ಅಂದು ಕೊರತೆಯಾಗಿದ್ದುದು ಕಾಲೇಜು. ಇಂದು ಕಾಲೇಜು ತಾಲೂಕಿಗೆ ಹಲವಿವೆ, ಕೊರತೆಯಾಗಿರುವುದು ಸಿದ್ಧತೆ. ಅಂದಿನ ದಾಸೋಹ ಅನ್ನದ್ದಾಗಿದ್ದರೆ ಇಂದು ಬೇಕಾದುದು ಜ್ಞಾನದಾಸೋಹ.

ಮನೆಯಲ್ಲಿಯೇ ಮಾಡಬಹುದಾದುದು

ಇದಕ್ಕೆ ದೊಡ್ಡ ಹಣವೇನೂ ಬೇಡ. ಮಾರ್ಚ್-ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದು ಜೂನ್‌ನಲ್ಲಿ ಕಾಲೇಜು ತೆರೆಯುವವರೆಗೆ ಸುಮಾರು ಎರಡು ತಿಂಗಳ ಬಿಡುವು ಇದೆ. ಈ ಬಿಡುವೇ ಪ್ರೌಢಶಾಲೆಗೂ ಕಾಲೇಜಿಗೂ ನಡುವಣ ಸೇತುವೆಯಾಗಬೇಕು.

ಮೊದಲು ಮಗುವಿನ ಕೈಗೆ ದಿನಪತ್ರಿಕೆ ಕೊಟ್ಟು ಒಂದು ಸುದ್ದಿಯನ್ನು ಗಟ್ಟಿಯಾಗಿ ಓದಿಸಬೇಕು; ಓದಿದ್ದನ್ನು ತನ್ನ ಮಾತಿನಲ್ಲಿ ಹತ್ತು ಸಾಲು ಬರೆಯಲು ಹೇಳಬೇಕು. ಅಕ್ಷರ ಬಾರದ ತಾಯಿಯೂ "ಏನು ಓದಿದೆ, ಹೇಳು ಮಗಾ" ಎಂದು ಕೇಳಬಲ್ಲಳು. ಎರಡನೆಯದಾಗಿ, ಮನೆಯ ಲೆಕ್ಕವನ್ನೇ ಮಗುವಿಗೆ ಒಪ್ಪಿಸಬೇಕು. ಶೇಂಗಾ ಮಾರಿದಾಗ ತೂಕದಲ್ಲಿ ನೂರಕ್ಕೆ ಮೂರು ಕಳೆದರೆ ಉಳಿದುದೆಷ್ಟು, ಸಾಲದ ಬಡ್ಡಿ ಆರು ತಿಂಗಳಿಗೆ ಎಷ್ಟಾಯಿತು ಎಂಬುದನ್ನು ಮೊಬೈಲ್ ಮುಟ್ಟದೆ ಮಾಡಿ ತೋರಿಸಲಿ. ತಪ್ಪಿದರೆ ಬೈಯಬಾರದು, ಎಲ್ಲಿ ತಪ್ಪಿತೆಂದು ತಿಳಿಯುವುದೇ ಇಲ್ಲಿ ಉದ್ದೇಶ. ಭಾಗಾಕಾರವೇ ಬಾರದಿದ್ದರೆ ಏಳನೆಯ ತರಗತಿಯ ಪುಸ್ತಕಕ್ಕೆ ಹಿಂದಿರುಗುವುದರಲ್ಲಿ ಅವಮಾನವಿಲ್ಲ.

ವಿಜ್ಞಾನ ಓದಬಯಸುವ ಮಗು, ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದ ಇಂಗ್ಲಿಷ್ ಆವೃತ್ತಿಯನ್ನು ತಂದು, ಕನ್ನಡದ ಪುಸ್ತಕದ ಪಕ್ಕದಲ್ಲಿಟ್ಟುಕೊಂಡು ಓದಲಿ. ವಿಷಯ ಮೊದಲೇ ತಿಳಿದಿರುವುದರಿಂದ ಶಬ್ದ ಮಾತ್ರ ಹೊಸದಾಗುತ್ತದೆ. ದಿನಕ್ಕೆ ಹತ್ತು ಶಬ್ದಗಳನ್ನು ಅರ್ಥಸಹಿತ ಬರೆದಿಟ್ಟುಕೊಂಡರೆ ಐವತ್ತು ದಿನಕ್ಕೆ ಐನೂರು ಶಬ್ದಗಳು. ಕಾಲೇಜಿನ ಮೊದಲ ತಿಂಗಳ ಭಯದಲ್ಲಿ ಅರ್ಧ ಇಷ್ಟರಿಂದಲೇ ಕಳೆಯುತ್ತದೆ.

ಊರಿನ ಹಿರಿಯರಿಗೂ ನಮ್ಮದೊಂದು ವಿನಂತಿ. ಬೇಸಿಗೆಯಲ್ಲಿ ಮಠದ ಜಗಲಿ, ಕಲ್ಯಾಣ ಮಂಟಪ, ಶಾಲೆಯ ಒಂದು ಕೋಣೆ ಬೆಳಗಿನ ಹೊತ್ತು ಖಾಲಿಯಾಗಿಯೇ ಇರುತ್ತವೆ. ಊರಿನಲ್ಲಿ ಪದವಿ ಓದುವ ಹುಡುಗ-ಹುಡುಗಿಯರು ರಜೆಗೆ ಬಂದಿರುತ್ತಾರೆ. ನಿವೃತ್ತ ಶಿಕ್ಷಕರು ಇದ್ದಾರೆ. ಜಾತಿ-ಮತ ನೋಡದೆ ಊರ ಮಕ್ಕಳನ್ನೆಲ್ಲ ಕೂಡಿಸಿ ದಿನಕ್ಕೆರಡು ಗಂಟೆ ಕಲಿಸಿದರೆ ಅದಕ್ಕಿಂತ ದೊಡ್ಡ ಕಾಯಕವಿಲ್ಲ. ಗುಳೆ ಹೋದವರ ಮಕ್ಕಳಿಗೆ ಇಂತಹ ಆಸರೆ ಎಲ್ಲರಿಗಿಂತ ಹೆಚ್ಚಾಗಿ ಬೇಕು.

ಕೊನೆಯದಾಗಿ ಹೆಣ್ಣುಮಕ್ಕಳ ಮಾತು. ಗಂಡು ಮಗ ನಪಾಸಾದರೆ ಮತ್ತೆ ಕಟ್ಟಿಸುತ್ತಾರೆ; ಹೆಣ್ಣು ಮಗಳು ನಪಾಸಾದರೆ ವರ ಹುಡುಕತೊಡಗುತ್ತಾರೆ. ಸಿದ್ಧತೆಯಿಲ್ಲದೆ ಕಾಲೇಜಿಗೆ ಹೋಗಿ ಸೋತ ಹುಡುಗಿಗೆ ಆ ಸೋಲು ಒಂದು ವರ್ಷದ ನಷ್ಟವಷ್ಟೇ ಆಗಿರುವುದಿಲ್ಲ. ಎಷ್ಟೋ ವೇಳೆ ಅದೇ ಅವಳ ಓದಿನ ಕೊನೆ. ಈಗ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವಿದೆ. ಮದುವೆಯ ಮಾತನ್ನು ದೂರವಿಟ್ಟು, ಮಗಳಿಗೆ ಇನ್ನೊಮ್ಮೆ ಪುಸ್ತಕ ಕೊಡಿಸಿ ಕೂರಿಸುವುದು ತಂದೆತಾಯಿಗಳ ಧರ್ಮ.

ಬಿತ್ತುವ ಮೊದಲು ಹೊಲವನ್ನು ಹರಗಿ ಹದ ಮಾಡಬೇಕೆಂಬುದನ್ನು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹದವಾಗದ ನೆಲಕ್ಕೆ ಎಷ್ಟು ಒಳ್ಳೆಯ ಬೀಜ ಹಾಕಿದರೂ ಅದು ಮೊಳೆಯದು. ಮಕ್ಕಳ ಓದಿಗೂ ಇದೇ ನಿಯಮ. ಈ ಬೇಸಿಗೆಯಿಂದಲೇ ಪ್ರತಿ ಮನೆಯಲ್ಲಿ "ಎಷ್ಟು ಅಂಕ ಬಂತು?" ಎಂಬ ಪ್ರಶ್ನೆಯ ಜೊತೆಗೆ "ಏನು ಕಲಿತೆ?" ಎಂಬ ಪ್ರಶ್ನೆಯೂ ಕೇಳಿಬರಲಿ, ನಮ್ಮ ಮಕ್ಕಳು ಕಾಲೇಜಿನ ಮೆಟ್ಟಿಲನ್ನು ಧೈರ್ಯದಿಂದ ಏರುವಂತಾಗಲಿ ಎಂದು ಹಾರೈಸುತ್ತೇವೆ.