ಪಾಠದಲ್ಲಿ ಪಂಕ್ತಿಸೇರ್ಪಡೆ: ಹಂಸಪಾದದಿಂದ ಗಣಕದ ಆಜ್ಞೆಯವರೆಗೆ

ಗ್ರಂಥಸಂಪಾದಕನಿಗೆ ಎದುರಾಗುವ ತೊಡಕುಗಳಲ್ಲಿ ಪಂಕ್ತಿಲೋಪವು ಅತಿ ಸಾಮಾನ್ಯವಾದುದು. ಸಮೀಪದ ಎರಡು ಪಂಕ್ತಿಗಳು ಒಂದೇ ಪದದಲ್ಲಿ ಮುಗಿದಾಗ ಲಿಪಿಕಾರನ ಕಣ್ಣು ಮೊದಲನೆಯದರಿಂದ ಎರಡನೆಯದಕ್ಕೆ ಜಾರಿ, ನಡುವಣ ಭಾಗ ಬಿಟ್ಟುಹೋಗುತ್ತದೆ. ಪದ್ಯದಲ್ಲಿ ಇದನ್ನು ಗುರುತಿಸುವುದು ಕಠಿನವಲ್ಲ. ಕಂದಪದ್ಯದ 1 ಮತ್ತು 3ನೆಯ ಪಾದಗಳಿಗೆ 12 ಮಾತ್ರೆ, 2 ಮತ್ತು 4ನೆಯ ಪಾದಗಳಿಗೆ 20 ಮಾತ್ರೆ. ಚಂಪಕಮಾಲೆಯ ಪ್ರತಿ ಪಾದಕ್ಕೆ 21 ಅಕ್ಷರ, ಉತ್ಪಲಮಾಲೆಗೆ 20. ಈ ಲೆಕ್ಕ ತಪ್ಪಿದೊಡನೆ ಲೋಪವು ತಾನಾಗಿಯೇ ತೋರುತ್ತದೆ. ಚಂಪೂಕಾವ್ಯದ ಗದ್ಯಭಾಗಕ್ಕೆ ಇಂಥ ಕಾವಲಿಲ್ಲ. ಅಲ್ಲಿ ಮತ್ತೊಂದು ಪ್ರತಿಯೇ ಗತಿ.

ಬಿಟ್ಟುದನ್ನು ಸೇರಿಸುವ ಕ್ರಮವೂ ಹಳೆಯದೇ. ಲೋಪವಾದ ಎಡೆಯಲ್ಲಿ ಹಂಸಪಾದವನ್ನಿಟ್ಟು, ಬಿಟ್ಟ ಅಕ್ಷರಗಳನ್ನು ಪಂಕ್ತಿಗಳ ನಡುವೆಯೋ ಅಂಚಿನಲ್ಲಿಯೋ ಬರೆಯುತ್ತಿದ್ದರು. ಈ ಪದ್ಧತಿಯ ಹಿರಿಮೆಯೆಂದರೆ, ಸೇರ್ಪಡೆಯು ತಾನು ಸೇರ್ಪಡೆಯೆಂಬುದನ್ನು ಮರೆಮಾಚುವುದಿಲ್ಲ. ಆದರೆ ಮುಂದಿನ ಲಿಪಿಕಾರನು ಅಂಚಿನ ಬರೆಹವನ್ನು ಪಾಠದೊಳಗೆ ತಂದುಬಿಟ್ಟರೆ ಗುರುತು ಅಳಿದುಹೋಗುತ್ತದೆ. ಅಂಚಿನ ಟಿಪ್ಪಣಿಯೊಂದು ಮೂಲದ ಮಾತಾಗಿ, ಪ್ರಕ್ಷೇಪವು ಹುಟ್ಟುವುದು ಹೀಗೆಯೇ.

ಇಂದು ಪಾಠಗಳನ್ನು ಗಣಕದ ಕಡತಗಳಲ್ಲಿ ಇಡಲಾಗುತ್ತಿದೆ. ಕಡತದಲ್ಲಿ ಪಂಕ್ತಿಯನ್ನು ಸೇರಿಸಲು ಆಜ್ಞೆಗಳ ಮೂಲಕ ನಡೆಯುವ ಉಪಕರಣಗಳುಂಟು. ಕೆನ್ ಥಾಂಪ್ಸನ್ 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ರಚಿಸಿದ ‘ಎಡ್’ ಅವುಗಳಲ್ಲಿ ಒಂದು. ಅದೇ ಪರಂಪರೆಯಲ್ಲಿ ಲೀ ಮೆಕ್‌ಮಾಹನ್ ರಚಿಸಿದ ‘ಸೆಡ್’ 1970ರ ದಶಕದಲ್ಲಿ ಬಂದಿತು. ಎರಡರಲ್ಲಿಯೂ ಆಜ್ಞೆಗೆ ಎರಡು ಅಂಗಗಳು: ಸ್ಥಳನಿರ್ದೇಶ ಮತ್ತು ಕ್ರಿಯೆ. ‘ಐ’ ಎಂಬ ಇಂಗ್ಲಿಷ್ ಅಕ್ಷರವು ನಿರ್ದಿಷ್ಟ ಪಂಕ್ತಿಯ ಮುನ್ನ ಸೇರಿಸೆಂದೂ, ‘ಎ’ ಎಂಬುದು ಅದರ ಅನಂತರ ಸೇರಿಸೆಂದೂ ಸೂಚಿಸುತ್ತದೆ. ‘ಆರ್’ ಎಂಬುದರಿಂದ ಮತ್ತೊಂದು ಕಡತದಲ್ಲಿರುವ ಇಡೀ ಭಾಗವನ್ನು ತಂದು ಸೇರಿಸಬಹುದು. ಸ್ಥಳವನ್ನು ಪಂಕ್ತಿಸಂಖ್ಯೆಯಿಂದಲಾದರೂ, ಪಂಕ್ತಿಯೊಳಗಿನ ಪದದಿಂದಲಾದರೂ ನಿರ್ದೇಶಿಸಬಹುದು.

ಸಂಖ್ಯೆಯಿಂದ ನಿರ್ದೇಶಿಸುವಲ್ಲಿ ಒಂದು ಅಪಾಯವಿದೆ. ‘ಎಡ್’ನಲ್ಲಿ 40ನೆಯ ಪಂಕ್ತಿಯ ಅನಂತರ ಒಂದು ಪಂಕ್ತಿ ಸೇರಿದೊಡನೆ ಹಿಂದಿನ 41ನೆಯದು 42ನೆಯದಾಗುತ್ತದೆ, ಟಿಪ್ಪಣಿಯಲ್ಲಿ ಬರೆದಿಟ್ಟ ಮುಂದಿನ ಸಂಖ್ಯೆಗಳೆಲ್ಲ ತಪ್ಪುತ್ತವೆ. ಆದುದರಿಂದ ಹಲವು ಸೇರ್ಪಡೆಗಳಿದ್ದಾಗ ಕೊನೆಯದರಿಂದ ಮೊದಲಿಗೆ ಬರಬೇಕು. ‘ಸೆಡ್’ ಒಂದೇ ಸಲದ ಓದಿನಲ್ಲಿ ಮೂಲ ಕಡತದ ಸಂಖ್ಯೆಗಳನ್ನೇ ಎಣಿಸುವುದರಿಂದ, ಎಲ್ಲ ಆಜ್ಞೆಗಳನ್ನೂ ಒಟ್ಟಿಗೆ ಕೊಟ್ಟರೆ ಈ ತೊಡಕಿಲ್ಲ.

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳಲ್ಲಿರುವ ಮೂವರು ವಿದ್ವಾಂಸರು ಒಂದೇ ಕಾವ್ಯದ ಕಡತವನ್ನು ಬೇರೆ ಬೇರೆ ಪ್ರತಿಗಳೊಡನೆ ಹೋಲಿಸುತ್ತಿರುವರೆಂದು ಇಟ್ಟುಕೊಂಡರೆ ತೊಡಕು ಇನ್ನೂ ಸ್ಪಷ್ಟವಾಗುತ್ತದೆ. ಹಾವೇರಿಯವರು ಎರಡು ಪಂಕ್ತಿಗಳನ್ನು ಸೇರಿಸಿದ ಮೇಲೆ, ರಾಣೆಬೆನ್ನೂರಿನವರು ಪತ್ರದಲ್ಲಿ ತಿಳಿಸುವ ಸಂಖ್ಯೆಯು ಬ್ಯಾಡಗಿಯವರ ಕಡತದಲ್ಲಿ ಒಂದು ಪಂಕ್ತಿಯನ್ನೂ ಹಾವೇರಿಯ ಕಡತದಲ್ಲಿ ಮತ್ತೊಂದನ್ನೂ ಸೂಚಿಸುತ್ತದೆ. ಇದಕ್ಕೆ ಪರಿಹಾರವೆಂದರೆ ಆಶ್ವಾಸ ಮತ್ತು ಪದ್ಯಗಳ ಸಂಖ್ಯೆಯನ್ನು ಕಡತದಲ್ಲಿಯೇ ಬರೆದು, ಅದನ್ನೇ ಸ್ಥಳನಿರ್ದೇಶವಾಗಿ ಬಳಸುವುದು. ‘ಡಿಫ್’ ಎಂಬ ಉಪಕರಣವು ಎರಡು ಕಡತಗಳ ವ್ಯತ್ಯಾಸವನ್ನು ಹಿಂದುಮುಂದಿನ ಪಂಕ್ತಿಗಳೊಡನೆ ತೋರಿಸಬಲ್ಲುದು. ಲ್ಯಾರಿ ವಾಲ್ 1985ರಲ್ಲಿ ರಚಿಸಿದ ‘ಪ್ಯಾಚ್’ ಆ ಸನ್ನಿವೇಶವನ್ನು ಹುಡುಕಿ, ಸಂಖ್ಯೆ ಪಲ್ಲಟವಾಗಿದ್ದರೂ ಸೇರ್ಪಡೆಯನ್ನು ಸರಿಯಾದ ಎಡೆಯಲ್ಲಿಡುತ್ತದೆ.

ಪದದಿಂದ ನಿರ್ದೇಶಿಸುವಲ್ಲಿಯೂ ಎಚ್ಚರ ಬೇಕು. ಆ ಪದವು ಹತ್ತು ಪಂಕ್ತಿಗಳಲ್ಲಿದ್ದರೆ ‘ಸೆಡ್’ ಹತ್ತೆಡೆಯೂ ಸೇರಿಸುತ್ತದೆ. ‘ಕಂದ’ ಎಂಬ ಶೀರ್ಷಿಕೆಯನ್ನು ಗುರುತಾಗಿ ಹಿಡಿದವನು ಕಾವ್ಯದ ಎಲ್ಲ ಕಂದಗಳ ಬಳಿಯೂ ಒಂದೇ ಪಂಕ್ತಿಯನ್ನು ಕಾಣುವನು. ಆದುದರಿಂದ ಆ ಪದವಿರುವ ಪಂಕ್ತಿಗಳೆಷ್ಟೆಂಬುದನ್ನು ‘ಗ್ರೆಪ್’ ಉಪಕರಣದಿಂದ ಮೊದಲು ಎಣಿಸಿ ನೋಡುವುದು ಲೇಸು.

ಕನ್ನಡ ಲಿಪಿಗೆ ಸಂಬಂಧಿಸಿದ ಸೂಕ್ಷ್ಮವೊಂದಿದೆ. ಯೂನಿಕೋಡ್ ಸಂಕೇತದಲ್ಲಿ ‘ಕೋ’ ಎಂಬುದರ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು. ಎತ್ವ, ಅದರ ಮುಂದಿನ ಕೊಂಬು, ದೀರ್ಘ ಎಂಬ ಮೂರು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಬೇರೆ ಬೇರೆ. ಅರ್ಕಾವೊತ್ತನ್ನು ತಡೆಯಲು ಬಳಸುವ ಅಗೋಚರ ಚಿಹ್ನೆಗಳೂ ಹೀಗೆಯೇ ಹುಡುಕಾಟವನ್ನು ಕೆಡಿಸುತ್ತವೆ. ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ಕಡತಗಳನ್ನಂತೂ ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಸ್ವರಚಿಹ್ನೆಗಳನ್ನು ಏಕರೂಪಕ್ಕೆ ತರಬೇಕು. ಪರಿವರ್ತನೆಯಲ್ಲಿ ಱ ಮತ್ತು ೞ ಅಕ್ಷರಗಳು ಉಳಿದಿವೆಯೇ ಎಂದು ಪರೀಕ್ಷಿಸಬೇಕು.

ಇನ್ನು ಮುಖ್ಯ ವಿಚಾರ. ‘ಸೆಡ್’ ಸಾಮಾನ್ಯವಾಗಿ ಫಲಿತಾಂಶವನ್ನು ತೆರೆಯ ಮೇಲೆ ತೋರಿಸುವುದೇ ಹೊರತು ಕಡತವನ್ನು ಮುಟ್ಟುವುದಿಲ್ಲ. ಕಡತದಲ್ಲಿಯೇ ಬದಲಿಸೆಂಬ ವಿಕಲ್ಪವನ್ನು ಕೊಟ್ಟಾಗ ಮಾತ್ರ ಹಳೆಯ ಪಾಠ ಅಳಿಯುತ್ತದೆ. ಆ ವಿಕಲ್ಪಕ್ಕೆ ಪ್ರತ್ಯಯವೊಂದನ್ನು ಜೋಡಿಸಿದರೆ ಹಳೆಯದು ಬೇರೆ ಹೆಸರಿನಲ್ಲಿ ಉಳಿಯುತ್ತದೆ. ಓಲೆಯ ಮೇಲಿನ ತಿದ್ದುಪಡಿಯಲ್ಲಿ ಕೈಬರಹದ ಭೇದವಾದರೂ ಕಾಣುತ್ತದೆ. ಗಣಕದಲ್ಲಿ ಸೇರಿದ ಪಂಕ್ತಿಗೂ ಮೂಲದ ಪಂಕ್ತಿಗೂ ಎಳ್ಳಷ್ಟೂ ಅಂತರವಿಲ್ಲ. ಆದಕಾರಣ ಸೇರಿಸುವವನೇ ಹಂಸಪಾದವನ್ನಿಡಬೇಕು: ಸೇರಿದ ಪಂಕ್ತಿಗೆ ಆವರಣಚಿಹ್ನೆ, ಆಧಾರಪ್ರತಿಯ ಸಂಕೇತ, ದಿನಾಂಕ, ಸೇರಿಸಿದವರ ಹೆಸರು ಇವಿಷ್ಟೂ ಅಗತ್ಯ.

ಇದಕ್ಕೆ ಮೇಲ್ಪಂಕ್ತಿಯು ಹಾವೇರಿ ಜಿಲ್ಲೆಯಲ್ಲಿಯೇ ಇದೆ. ಆದಿಪುರಾಣದ 47 ಪರ್ವಗಳಲ್ಲಿ 42 ಪರ್ವಗಳೂ 43ನೆಯದರ 3 ಶ್ಲೋಕಗಳೂ ಜಿನಸೇನಾಚಾರ್ಯರವು. ಉಳಿದುದು ಶಿಷ್ಯರಾದ ಗುಣಭದ್ರಾಚಾರ್ಯರದು. ಉತ್ತರಪುರಾಣದ ಪ್ರಶಸ್ತಿಯು ಬಂಕಾಪುರವನ್ನೂ ಶಕ 820, ಎಂದರೆ ಕ್ರಿ.ಶ. 898ನ್ನೂ ಹೇಳುತ್ತದೆ, ಅದರ ಉತ್ತರಭಾಗವು ಗುಣಭದ್ರರ ಶಿಷ್ಯ ಲೋಕಸೇನರದೆಂದು ವಿದ್ವಾಂಸರು ಗುರುತಿಸಿದ್ದಾರೆ. ಮೂರು ಕೈಗಳು ಸೇರಿದ್ದರೂ ಯಾರದು ಎಲ್ಲಿಯವರೆಗೆ ಎಂಬುದು ತಿಳಿದಿರುವುದರಿಂದ ಅಲ್ಲಿ ಪ್ರಕ್ಷೇಪದ ಶಂಕೆಗೆ ಎಡೆಯಿಲ್ಲ. ಉಪಕರಣ ಕಂಠವಾಗಲಿ ಗಣಕವಾಗಲಿ, ಸೇರಿಸಿದುದನ್ನು ಸೇರಿಸಿದುದೆಂದು ತೋರಿಸುವುದೇ ಸಂಪಾದಕನ ಧರ್ಮ.